ಗುರುವಾರ ಬರಲಿರುವ ಜ್ವರ

ಊರಿಗೆ ಬುದ್ಧಿ ಹೇಳುವ ಕೆಲಸ ಸಿಕ್ಕವನು ಮೊದಲು ಮಾಡಬೇಕಾದದ್ದು ತನ್ನ ಮನೆಯ ಬಾಗಿಲನ್ನು ಭದ್ರವಾಗಿ ಹಾಕಿಕೊಳ್ಳುವುದು. ನನಗೆ ಈ ತಿಳಿವಳಿಕೆ ತಡವಾಗಿ ಬಂತು. ಇಳಕಲ್ಲಿನಲ್ಲಿ ಎರಡು ಕೈಮಗ್ಗ ಇಟ್ಟುಕೊಂಡು ಸೀರೆ ನೇಯುವ ನಾನು ಮಾತು ಕಡಿಮೆಯವನೆಂದೇ ಬಹಳ ವರ್ಷ ನಂಬಿದ್ದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನ ಎದುರಿಗೆ ಇರುವುದು ಹಾಸಿನ ಎಳೆಗಳು ಮಾತ್ರ. ಅವು ತಿರುಗಿ ಮಾತಾಡುವುದಿಲ್ಲ, ಹೆಚ್ಚೆಂದರೆ ಒಂದೆರಡು ಕಡಿದುಕೊಂಡು ಸಿಟ್ಟು ತೋರಿಸುತ್ತವೆ. ಆದರೆ ಎರಡು ವರ್ಷದ ಹಿಂದೆ ನನ್ನ ಮಕ್ಕಳು ಓದುವ ಹೈಸ್ಕೂಲಿನ ಶಾಲಾಭಿವೃದ್ಧಿ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಆ ದಿನ ಸಭೆಗೆ ಹೊತ್ತಿಗೆ ಸರಿಯಾಗಿ ಬಂದವನು ನಾನೊಬ್ಬನೇ ಎಂಬುದು ಅದಕ್ಕೆ ಕಾರಣ. ನಾನು ಮಾತ್ರ ಅದನ್ನು ನನ್ನ ಯೋಗ್ಯತೆ ಎಂದು ತಿಳಿದುಕೊಂಡೆ. ಅಧ್ಯಕ್ಷನಾದ ಮೇಲೆ ಒಂದು ರಬ್ಬರ್ ಶಿಕ್ಕೆ ಬಂತು, ಕೈಗೆ ಮೈಕು ಬಂತು. ಮೈಕು ಬಂದ ಮೇಲೆ ಗೊತ್ತಾಯಿತು, ನಲವತ್ತು ವರ್ಷದ ಮಾತೆಲ್ಲ ಖರ್ಚಾಗದೆ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಈ ವರ್ಷ ಶಾಲೆ ಸುರುವಾದ ಹೊಸತರಲ್ಲಿ ಪಾಲಕರ ಸಭೆ ನಡೆಯಿತು. ನಾನು ಮುಕ್ಕಾಲು ತಾಸು ಮಾತಾಡಿದೆ. ಸಣ್ಣಪುಟ್ಟ ನೆವ ಹೇಳಿ ಮಕ್ಕಳನ್ನು ಶಾಲೆ ಬಿಡಿಸುವವರು ಮಕ್ಕಳ ವೈರಿಗಳು ಎಂದೆ. 'ಮನೆಯ ಕಾರಣ' ಎಂದು ಬರೆದ ರಜೆ ಚೀಟಿಗಳನ್ನು ಇನ್ನು ಮುಂದೆ ತೆಗೆದುಕೊಳ್ಳಬೇಡಿರೆಂದು ಹೆಡ್‌ಮಾಸ್ತರರಿಗೆ ಅಲ್ಲಿಯೇ ಸೂಚಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮೂರನೆಯ ಸಾಲಿನಲ್ಲಿ ನಮ್ಮ ಓಣಿಯ ಪರಪ್ಪ ಕೂತಿದ್ದ. ಅವನು ಹಿಂದಿನ ವರ್ಷ ಬಾದಾಮಿಯ ಬನಶಂಕರಿಗೆ ಹರಕೆ ತೀರಿಸಲು ಹೋದವನು, ಮಗನಿಗೆ ಗುಹೆಗಳನ್ನು ತೋರಿಸಬೇಕೆಂದು ಎರಡು ದಿನ ಹೆಚ್ಚಿಗೆ ಉಳಿದಿದ್ದ. ನಾನು ಅವನನ್ನು ಎಬ್ಬಿಸಿ ನಿಲ್ಲಿಸಿ, "ಪರಪ್ಪ, ಬಾದಾಮಿ ಗುಡ್ಡ ಏನು ಓಡಿ ಹೊಕ್ಕಿತ್ತೇನೊ? ಸೂಟ್ಯಾಗ ಹೋಗಿದ್ರ ಗವಿ ಮುಚ್ಚಿರತಿದ್ದುವೇನು?" ಎಂದು ಕೇಳಿದೆ. ಸಭೆ ನಕ್ಕಿತು. ಪರಪ್ಪನೂ ನಕ್ಕ. "ಖರೇರಿ ಅಧ್ಯಕ್ಷರ" ಎಂದು ಕೂತ. ಅವನು ಅಷ್ಟು ಸುಲಭವಾಗಿ ಕೂತದ್ದು ನನಗೆ ಆಗಲೇ ಅನುಮಾನ ತರಿಸಬೇಕಿತ್ತು.

ಈಗ ನೇಕಾರರ ಮನೆಯ ಒಂದು ಸಂಕಟ ಹೇಳಬೇಕು. ಶಾಲೆಯ ರಜೆ ಮತ್ತು ಮಗ್ಗದ ರಜೆ ಎಂದೂ ಒಂದಾಗುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳಿಗೆ ಸೂಟಿ, ಆದರೆ ಅದು ಲಗ್ನಗಳ ಕಾಲ. ಸೀರೆ ಎಷ್ಟು ನೇಯ್ದರೂ ಸಾಲದು. ದಸರೆಗೆ ಮಕ್ಕಳಿಗೆ ಸೂಟಿ, ಆಗ ಹಬ್ಬದ ಸೀರೆ. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಹಿಡಿಯಿತೆಂದರೆ ಮಾತ್ರ ಲಗ್ನ ಇಲ್ಲ, ಮುಂಜಿ ಇಲ್ಲ, ಸೀರೆ ಕೇಳುವವರಿಲ್ಲ. ಲಾಳಿಗಳು ಉಸಿರು ಬಿಡುತ್ತವೆ. ಆಗ ಶಾಲೆ ಭರಾಟೆಯಲ್ಲಿರುತ್ತದೆ. ಅದರ ಮೇಲೆ ಮಗ್ಗವನ್ನು ನಟ್ಟನಡುವೆ ಬಿಟ್ಟು ಹೋಗುವಂತಿಲ್ಲ. ಮಗ್ಗಕ್ಕೆ ಏರಿಸಿದ ಉದ್ದ ನೂಲಿನ ಹಾಸು ನೇಯ್ದು ಮುಗಿಯಬೇಕು, ಹೊಸ ಹಾಸು ಏರುವ ಮುಂಚಿನ ನಾಲ್ಕಾರು ದಿನವೇ ನಮ್ಮ ಬಿಡುವು. ನಮ್ಮ ಎರಡು ಮಗ್ಗಗಳು ಗಂಡಹೆಂಡಿರಂತೆ ಒಂದು ಖಾಲಿಯಾದಾಗ ಇನ್ನೊಂದು ತುಂಬಿಕೊಂಡಿರುವುದೇ ರೂಢಿ. ಈ ಆಷಾಢದಲ್ಲಿ ಏನು ಯೋಗವೋ, ಎರಡೂ ಒಂದೇ ವಾರ ಖಾಲಿಯಾದವು.

ನನ್ನ ಹೆಂಡತಿ ಶಾಂತಾ ಖಾಲಿ ಮಗ್ಗಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಈಗರ ಸಮುದ್ರ ತೋರಸ್ತೀರೇನ್ರಿ?" ಎಂದಳು.

ಮದುವೆಯಾದ ಹೊಸತರಲ್ಲಿ ನಾನು ಅವಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹೊಸತರಲ್ಲಿ ಗಂಡಸರು ಏನೇನು ಮಾತು ಕೊಟ್ಟಿರುತ್ತಾರೆ ಎಂಬುದರ ಪಟ್ಟಿ ಗಂಡಸರ ಕಡೆ ಇರುವುದಿಲ್ಲ. ಹದಿನೆಂಟು ವರ್ಷವಾಗಿತ್ತು. ನಡುವೆ ಒಮ್ಮೆ ಬಾಗಲಕೋಟೆಗೆ ಹೋದಾಗ ಆ ಲೆಕ್ಕವನ್ನು ಅಲ್ಲಿಯೇ ಮುಗಿಸಿಬಿಡೋಣವೆಂದು ಅವಳಿಗೆ ಹಿನ್ನೀರು ತೋರಿಸಿ, "ಹಿಂಗ ಇರತೈತಿ ಸಮುದ್ರ. ಉಪ್ಪು ಒಂದ ಹೆಚ್ಚಿಗಿ" ಎಂದಿದ್ದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಆಚಿ ದಂಡಿ ಕಾಣಾಕತ್ತೈತಲ್ರಿ. ಅಲ್ಲಿ ಎಮ್ಮಿ ಮೇಯಾಕತ್ತಾವು" ಎಂದಿದ್ದಳು. ಆಚೆ ದಂಡೆಯ ಎಮ್ಮೆ ಕಾಣುವ ನೀರು ಸಮುದ್ರವಲ್ಲ ಎಂದು ಅವಳಿಗೆ ಯಾರು ಕಲಿಸಿದ್ದರೋ.

ಇನ್ನೊಂದು ಮಾತನ್ನು ಅವಳು ಆಡಲಿಲ್ಲ, ನನಗೇ ಹೊಳೆಯಿತು. ಮಗಳು ಸಹನಾ ಈಗ ಹತ್ತನೆಯ ಇಯತ್ತೆ. ಮುಂದಿನ ವರ್ಷ ಧಾರವಾಡದ ಹಾಸ್ಟೆಲು. ಆಮೇಲೆ ಅವಳು ಮನೆಗೆ ಬಂದರೂ ಬಂದುಹೋಗುವವಳು. ನಾವು ನಾಲ್ವರೂ ಒಂದೇ ಬಸ್ಸಿನಲ್ಲಿ ಕೂತು, ಒಂದೇ ಬುತ್ತಿ ಬಿಚ್ಚಿ ಉಂಡು, ಕಿಟಕಿಯ ಸೀಟಿಗೆ ಜಗಳಾಡುವ ಆಷಾಢ ಇದೊಂದೇ. ಮುಕ್ಕಾಲು ತಾಸಿನ ಭಾಷಣ ಒಂದು ಕಡೆ, ಇದು ಒಂದು ಕಡೆ. ಗೋಕರ್ಣಕ್ಕೆ ಹೋಗುವುದೆಂದು ನಿಶ್ಚಯ ಮಾಡಿದೆ.

ಒಂಬತ್ತನೆಯ ಇಯತ್ತೆಯ ಮಗ ವಿನಾಯಕ ಸುದ್ದಿ ಕೇಳಿ ಕುಣಿದ. ಆ ವಾರ ಅವನಿಗೆ ಗಣಿತದ ಕಿರುಪರೀಕ್ಷೆ ಇತ್ತು. ಸಹನಾ ಮಾತ್ರ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಾ ಬರಂಗಿಲ್ಲ."

"ಯಾಕವ್ವಾ?"

"ನೀನ ಅಲ್ಲೇನು ಮೈಕ್ ಹಿಡಕೊಂಡು ಹೇಳಿದಾಂವ? ನನ್ನ ಗೆಳತ್ಯಾರೆಲ್ಲಾ ಅಲ್ಲೇ ಕುಂತಿದ್ರು. ಪರಪ್ಪ ಕಾಕಾನ್ನ ನಿಂದರಿಸಿ ಕೇಳಿದಿ. ಈಗ ನಾ ಹ್ಯಾಂಗ ಮಾರಿ ತೋರಸಲಿ?"

ಈಗಿನ ಮಕ್ಕಳು ಶಾಲೆ ತಪ್ಪಿಸಲು ಹಾತೊರೆಯುತ್ತಾರೆಂದು ಯಾರು ಹೇಳಿದರೋ ಗೊತ್ತಿಲ್ಲ. ನನ್ನ ಮಗಳನ್ನು ಒಪ್ಪಿಸುವುದರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಅವಳು ತಾಯಿಯ ಮುಖ ನೋಡಿ ಒಂದು ಷರತ್ತು ಹಾಕಿದಳು. "ರಜಾ ಚೀಟ್ಯಾಗ ಖರೆ ಕಾರಣ ಬರಿ. ಹೆಡ್‌ಮಾಸ್ತರ್ ಹೂಂ ಅಂದ್ರ ಬರ್ತೇನಿ. ಸುಳ್ಳು ಬರದ್ರ ಇಲ್ಲ." ನಾನು ದೊಡ್ಡ ದನಿಯಲ್ಲಿ, "ಅದರಾಗೇನೈತಿ? ಖರೆನ ಬರೀತೇನಿ" ಎಂದೆ.

ಬುಧವಾರ ಬೆಳಿಗ್ಗೆ ಖಾಲಿ ಮಗ್ಗದ ಹಲಗೆಯ ಮೇಲೆ ಕೂತು ಖರೆ ಬರೆಯಲು ತೊಡಗಿದೆ. 'ನಾವು ಸಮುದ್ರ ನೋಡಲು' ಎಂಬಲ್ಲಿಗೆ ಬಂದಾಗ ಮೂರನೆಯ ಸಾಲಿನಲ್ಲಿ ಕೂತ ಪರಪ್ಪ ಕಣ್ಣಿಗೆ ಕಟ್ಟಿದ. ಕಾಗದ ಹರಿದೆ. 'ಮಕ್ಕಳ ಭೌಗೋಳಿಕ ಜ್ಞಾನಕ್ಕಾಗಿ' ಎಂದು ಬರೆದೆ. ಓದಿದರೆ ನನಗೇ ನಗೆ ಬಂತು. 'ಮನೆಯ ಕಾರಣ' ಎಂಬುದನ್ನು ನಾನೇ ಬಂದ್ ಮಾಡಿಸಿದ್ದೆ. ಹೀಗೆ ಸತ್ಯದ ದಾರಿಯಲ್ಲಿ ಐದು ಹಾಳೆ ದಾಟಿದ ಮೇಲೆ ಆರನೆಯ ಹಾಳೆಯಲ್ಲಿ ಜ್ವರ ಬಂತು. ಜ್ವರ ಒಳ್ಳೆಯ ಕಾರಣ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಬರುತ್ತದೆ, ಯಾರೂ ಮುಟ್ಟಿ ನೋಡುವುದಿಲ್ಲ. ಅವಸರದಲ್ಲಿ ಚೀಟಿ ಮುಗಿಸಿ, ಲಕೋಟೆಗೆ ಹಾಕಿ ಮಗನ ಕೈಗೆ ಕೊಟ್ಟೆ. ಅವನ ಬಾಯಿ ಮುಚ್ಚಿಸಲು, ನೀರಿನಲ್ಲಿ ತೇಲಲು ಸೈಕಲ್ ಅಂಗಡಿಯಿಂದ ಲಾರಿಯ ಹಳೆ ಟ್ಯೂಬು ತಂದುಕೊಡುವುದಾಗಿ ಹೇಳಿದೆ. ಮಧ್ಯಾಹ್ನ ಊಟಕ್ಕೆ ಬಂದ ಸಹನಾಳಿಗೆ, "ಹೆಡ್‌ಮಾಸ್ತರ್ ಹೂಂ ಅಂದ್ರವ್ವಾ" ಎಂದೆ. ಅವಳು ಮೊದಲ ಸಲ ನಕ್ಕಳು. "ಸಮುದ್ರದಾಗ ಚಪ್ಪಲ್ ಹಾಕ್ಕೊಂಡು ಇಳೀಬೇಕೇನು, ಬಿಟ್ಟು ಇಳೀಬೇಕೇನು?" ಎಂದು ಕೇಳಿದಳು. ಅವಳು ನಕ್ಕದ್ದು ನನಗೆ ಹಿತವಾಗಲಿಲ್ಲ.

ಈ ನಡುವೆ ಶಾಂತಾ ತನ್ನ ತಯಾರಿ ನಡೆಸಿದ್ದಳು. ನಮ್ಮ ಕಡೆಯವರು ಊರು ಬಿಟ್ಟರೆಂದರೆ ಮೊದಲು ಬುತ್ತಿಯ ಗಂಟು. ಬಟ್ಟೆ ಮರೆತರೆ ನಡೆಯುತ್ತದೆ, ಕಟಕ ರೊಟ್ಟಿ ಮರೆಯುವಂತಿಲ್ಲ. ಹಂಚಿನ ಮೇಲೆ ಒಣಗಿಸಿ ಗರಿಗರಿ ಮಾಡಿದ ಈ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ ಇದ್ದರೆ ನಾವು ಕಾಶಿಗೂ ಹೋಗಿ ಬಂದೇವು. ಐದು ದಿನಕ್ಕೆ ನಾಲ್ವರಿಗೆ ನೂರು ರೊಟ್ಟಿ ಬೇಕೆಂದು ಅವಳು ಲೆಕ್ಕ ಹಾಕಿ, ಹಿಂದಿನ ಓಣಿಯ ಗಂಗವ್ವನಿಗೆ ಹೇಳಿದ್ದಳು. ಗಂಗವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸು.

ಆ ಗಂಗವ್ವನ ಖಾಯಂ ಗಿರಾಕಿ ನಮ್ಮ ಹೆಡ್‌ಮಾಸ್ತರರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಲಿಲ್ಲ. ಅವರು ಮಂಡ್ಯದ ಕಡೆಯವರು. ವರ್ಗವಾಗಿ ಇಲ್ಲಿಗೆ ಬಂದು, ಮನೆಯವರನ್ನು ಅಲ್ಲಿಯೇ ಬಿಟ್ಟು ಒಂದು ಕೋಣೆಯಲ್ಲಿದ್ದಾರೆ. ಬಂದ ಹೊಸತರಲ್ಲಿ ಕಟಕ ರೊಟ್ಟಿಯನ್ನು ಹಿಡಿದು, "ಇದನ್ನ ಹೇಗೆ ಸಾರ್ ಮುದ್ದೆ ಮಾಡೋದು?" ಎಂದು ಕೇಳಿದ್ದರಂತೆ. ಈಗ ಸಂಜೆ ಗಂಗವ್ವನ ರೊಟ್ಟಿ ಇಲ್ಲದಿದ್ದರೆ ಅವರಿಗೆ ಹೊತ್ತು ಮುಳುಗುವುದಿಲ್ಲ. ಅಂದು ಸಂಜೆ ಅವರು ಡಬ್ಬಿ ಹಿಡಿದು ಹೋದಾಗ ಗಂಗವ್ವ, "ಇವತ್ತ ಒಂದೂ ಉಳದಿಲ್ರಿ ಸರ. ನಿಮ್ಮ ಸಾಲಿ ಅಧ್ಯಕ್ಷರು ಮಕ್ಕಳನ್ನ ಕರಕೊಂಡು ನಾಳೆ ಸಮುದ್ರಕ್ಕ ಹೊಂಟಾರಂತ, ಎಲ್ಲಾ ಅವರ ಮನಿಗಿ ಹ್ವಾದುವು" ಎಂದಿದ್ದಾಳೆ.

ದೀಪ ಹಚ್ಚುವ ಹೊತ್ತಿಗೆ ಹೆಡ್‌ಮಾಸ್ತರರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಖಾಲಿ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಲಕೋಟೆ. ಪಡಸಾಲೆಯ ನಡುವೆ ನೂರು ರೊಟ್ಟಿಯ ಗೋಪುರ. ಅದರ ಪಕ್ಕ, ಜ್ವರ ಬಂದ ವಿನಾಯಕ ಅಂಗಿ ಬಿಚ್ಚಿ ಲಾರಿ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದ.

ಹೆಡ್‌ಮಾಸ್ತರರು ಎಲ್ಲವನ್ನೂ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಜ್ವರ ಎಷ್ಟು ಗಂಟೆ ಬಸ್ಸಿಗೆ ಹೊರಡುತ್ತೆ ಅಧ್ಯಕ್ಷರೇ?" ಎಂದರು.

ನಾನು ಅವರ ಕಡೆಗೆ ಮಣೆ ಸರಿಸಿದೆ. ಅವರು ಲಕೋಟೆಯಿಂದ ಚೀಟಿ ತೆಗೆದು ಓದಿದರು: 'ನನ್ನ ಮಕ್ಕಳಿಬ್ಬರಿಗೂ ನಾಳೆ ಗುರುವಾರದಿಂದ ಸೋಮವಾರದವರೆಗೆ ಜ್ವರ ಇರುವುದರಿಂದ ರಜೆ ಕೊಡಬೇಕೆಂದು ವಿನಂತಿ.' ಓದಿ, "ಇಷ್ಟು ವರ್ಷದ ಸರ್ವೀಸಲ್ಲಿ ನಾಳೆ ಬರುವ ಜ್ವರಕ್ಕೆ ಇವತ್ತೇ ಚೀಟಿ ಕೊಟ್ಟವರು ನೀವೊಬ್ಬರೇ. ಅದರ ಮೇಲೆ ಅಧ್ಯಕ್ಷರ ಶಿಕ್ಕೆ ಬೇರೆ ಹೊಡೆದಿದ್ದೀರಿ" ಎಂದರು. ನೋಡಿದರೆ ಖರೆ. ಸಹಿಯ ಪಕ್ಕ ನೀಲಿ ಶಾಯಿಯಲ್ಲಿ ದುಂಡಗೆ ಶಿಕ್ಕೆ ಕೂತಿತ್ತು. ರೂಢಿಯ ಕೈ, ನಾನು ನೋಡೇ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಸಹನಾ ಬಂದು ನಿಂತಿದ್ದಳು. ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹೆಡ್‌ಮಾಸ್ತರರ ಮುಂದೆ ಆದ ನಾಚಿಕೆ ತೊಳೆದರೆ ಹೋಗುವಂಥದ್ದು. ಮಗಳು ಹಾಗೆ ನೋಡಿದಳಲ್ಲ, ಅದರಿಂದ ನಾನು ನಿಂತಲ್ಲೇ ಸಣ್ಣವನಾದೆ. ಅವಳು ಚಿಕ್ಕವಳಿದ್ದಾಗ ಮಾರುವ ಸೀರೆಯ ಮೇಲೆ ಶಾಯಿ ಚೆಲ್ಲಿ, ಹೊಡೆತ ಬಿದ್ದೀತೆಂದು ಗೊತ್ತಿದ್ದೂ ತಾನೇ ಬಂದು ಹೇಳಿದ್ದು ನೆನಪಾಯಿತು.

"ಹೋಗೂದು ಬ್ಯಾಡ ಬಿಡ್ರಿ" ಎಂದಳು ಶಾಂತಾ ಒಳಗಿನಿಂದ. ಹದಿನೆಂಟು ವರ್ಷ ಕಾದವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ಚಲೋ ಇತ್ತು, ಇರಲಿಲ್ಲ.

ಸಹನಾ ಒಳಗೆ ಹೋದಳು. ಅತ್ತಳೋ ಏನೋ ಎಂದುಕೊಂಡೆ. ಐದು ನಿಮಿಷಕ್ಕೆ ಹೊರಗೆ ಬಂದು ಒಂದು ಹಾಳೆಯನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. 'ನಮ್ಮ ಅವ್ವ ಇನ್ನೂ ಸಮುದ್ರ ನೋಡಿಲ್ಲ. ಸೂಟಿಯಲ್ಲಿ ಮಗ್ಗ ಬಿಡಲು ಬರುವುದಿಲ್ಲ. ಈಗ ಎರಡೂ ಮಗ್ಗ ಖಾಲಿ ಇವೆ. ಮುಂದಿನ ವರ್ಷ ನಾನು ಊರಲ್ಲಿ ಇರುವುದಿಲ್ಲ. ಆದ್ದರಿಂದ ರಜೆ ಕೊಡಬೇಕು. ತಪ್ಪಿದ ಪಾಠ ಬಂದ ಮೇಲೆ ಬರೆದು ತೋರಿಸುತ್ತೇನೆ. ವಿನಾಯಕನ ಗಣಿತದ ಪರೀಕ್ಷೆಯನ್ನು ಬಂದ ದಿನವೇ ತೆಗೆದುಕೊಳ್ಳಬೇಕು.' ಕೊನೆಯ ಸಾಲು ಕೇಳಿ ವಿನಾಯಕನ ಪಂಪು ನಿಂತಿತು.

ಐದು ಹಾಳೆ ಹರಿದರೂ ನನಗೆ ಬರೆಯಲಾಗದ್ದು ಅವಳಿಗೆ ಐದು ನಿಮಿಷದಲ್ಲಿ ಬಂದಿತ್ತು. ಹೆಡ್‌ಮಾಸ್ತರರು ಜೇಬಿನ ಪೆನ್ನು ತೆಗೆದು ಅಲ್ಲಿಯೇ ಸಹಿ ಹಾಕಿದರು. "ಇದನ್ನ ಮೊದಲೇ ಕೊಟ್ಟಿದ್ರೆ ನಾನು ಇಷ್ಟು ದೂರ ನಡೀಬೇಕಿರಲಿಲ್ಲ. ಆದ್ರೆ ಅಧ್ಯಕ್ಷರೇ, ಬರುವ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ ಪಾಲಕರ ಸಭೆ ಇದೆ. ಇದೇ ವಿಷಯ ನೀವೇ ಮಾತಾಡ್ಬೇಕು" ಎಂದರು. ನಾನು ತಲೆಯಾಡಿಸಿದೆ. ಹೊರಡುವ ಮುಂಚೆ ಅವರು ಡಬ್ಬಿಯ ಮುಚ್ಚಳ ತೆಗೆದು ಗೋಪುರದ ಕಡೆ ಹೊರಳಿದರು. ಶಾಂತಾ ತುಂಬಿಸಿ ಕೊಟ್ಟಳು.

ಗುರುವಾರ ನಸುಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋದರೆ ಅಲ್ಲಿ ಪರಪ್ಪ ಚಹಾ ಕುಡಿಯುತ್ತ ನಿಂತಿದ್ದ. ನಮ್ಮ ಗಂಟು, ಟ್ಯೂಬು, ಮಕ್ಕಳು ಎಲ್ಲವನ್ನೂ ಒಂದೊಂದಾಗಿ ನೋಡಿ, ಬಶಿಯಲ್ಲಿದ್ದ ಚಹಾ ಮುಗಿಸಿ ಕೇಳಿದ: "ಅಧ್ಯಕ್ಷರ, ಸಮುದ್ರೇನು ಓಡಿ ಹೊಕ್ಕೈತೇನ್ರಿ?" ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಅವನು ಅನ್ನಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಮಕ್ಕಳಿಗೆ ಕರದಂಟು ಕೊಡಿಸಿದೆ. ಸಹನಾ ತನ್ನ ಪಾಲಿನಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು. ಆಗ ಉಸಿರು ಬಿಟ್ಟೆ.

ಇಷ್ಟೆಲ್ಲ ರಾಮಾಯಣದಲ್ಲಿ ಒಂದು ಸಂಗತಿ ನಮ್ಮ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆಷಾಢವೆಂದರೆ ಇಳಕಲ್ಲಿನಲ್ಲಿ ಗಾಳಿ. ಮಳೆ ಅಂದರೆ ನಮಗೆ ನಾಲ್ಕು ಹನಿ. ಅಂಗಳದ ಬಟ್ಟೆ ಒಳಗೆ ತರುವಷ್ಟರಲ್ಲಿ ನಿಲ್ಲುವಂಥದ್ದು. ಅದೇ ಆಷಾಢಕ್ಕೆ ಗೋಕರ್ಣದಲ್ಲಿ ಏನಾಗುತ್ತದೆಂದು ನಾವು ಯಾರನ್ನೂ ಕೇಳಲಿಲ್ಲ, ಒಂದು ಛತ್ರಿಯನ್ನೂ ಒಯ್ಯಲಿಲ್ಲ. ಘಟ್ಟ ಇಳಿದಾಗ ಸುರುವಾದ ಮಳೆ ನಾವು ತಿರುಗಿ ಘಟ್ಟ ಹತ್ತುವವರೆಗೂ ನಿಲ್ಲಲಿಲ್ಲ. ಲಾಡ್ಜಿನ ಮಾಲೀಕರು ನಮ್ಮ ಟ್ಯೂಬನ್ನು ನೋಡಿ, "ಈ ಮಳೆಗಾಲದಲ್ಲಿ ಯಾರಾದ್ರೂ ಈಜೂಕೆ ಬರ್ತಾರಾ ಮಾರಾಯ್ರೇ?" ಎಂದು ಮನಸಾರೆ ನಕ್ಕರು. ದಂಡೆಯಲ್ಲಿ ಕೆಂಪು ಬಾವುಟ ಹಚ್ಚಿದ್ದರು, ನೀರಿನ ಹತ್ತಿರ ಹೋದರೆ ಕಾವಲಿನವನು ಸೀಟಿ ಊದುತ್ತಿದ್ದ. ನಮ್ಮ ಕಟಕ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗಿ, ಎರಡನೆಯ ದಿನ ಕರವಸ್ತ್ರದಂತೆ ಮಡಚಲು ಬಂತು. ಮೂರನೆಯ ದಿನ ಅದರ ಮೇಲೆ ಹಸಿರು ಬೂಷ್ಟು ಹಿಡಿಯಿತು.

ಆದರೂ ಮೊದಲ ದಿನದ ಆ ಸಂಜೆಯನ್ನು ನಾನು ಮರೆಯಲಾರೆ. ಶಾಂತಾ ತಾನೇ ಎಳೆ ಜೋಡಿಸಿದ, ನಾನು ನೇಯ್ದ ಸೀರೆ ಉಟ್ಟು, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ದಂಡೆಯಲ್ಲಿ ನಿಂತಳು. ಮುಂದೆ ಬೂದಿಬಣ್ಣದ ಮಳೆ, ಅದರೊಳಗೆ ಬೂದಿಬಣ್ಣದ ನೀರು. ಅವಳು ಅಂದಿನಂತೆಯೇ ಹಣೆಗೆ ಕೈ ಹಿಡಿದು ನೋಡಿದಳು. ನಾನು ಹೆದರಿಕೊಂಡೇ, "ಮಳ್ಯಾಗ ಏನೂ ಕಾಣವಲ್ದು ನೋಡು" ಎಂದೆ.

"ಆಚಿ ದಂಡಿ ಕಾಣವಲ್ದು" ಎಂದಳು ಅವಳು. "ಎಮ್ಮಿನೂ ಇಲ್ಲ. ಇದು ಖರೆ ಸಮುದ್ರ." ಮಕ್ಕಳಿಬ್ಬರೂ ಅವಳ ಎರಡು ಕೈ ಹಿಡಿದುಕೊಂಡರು. ಮೂವರೂ ಅಷ್ಟು ನಕ್ಕರೆಂದರೆ ಕಾವಲಿನವನು ಸೀಟಿ ಊದುವುದನ್ನು ಬಿಟ್ಟು ನೋಡುತ್ತ ನಿಂತ. ನನಗೆ ಅಳು ಬಂತು, ಮಳೆಯಿತ್ತಾದ್ದರಿಂದ ಯಾರಿಗೂ ಕಾಣಲಿಲ್ಲ.

ಊರಿಗೆ ಬಂದ ಮೂರನೆಯ ದಿನ ನನಗೆ ಚಳಿ ಹಿಡಿಯಿತು. ಮಕ್ಕಳು ಗಟ್ಟಿಮುಟ್ಟಾಗಿ ಶಾಲೆಗೆ ಹೋದರು, ವಿನಾಯಕ ಗಣಿತದ ಪರೀಕ್ಷೆಯನ್ನೂ ಬರೆದ. ಎರಡು ಕೌದಿ ಹೊದ್ದು ನಡುಗುತ್ತ ಮಲಗಿದವನು ನಾನು. ಶನಿವಾರ ಬೆಳಿಗ್ಗೆ ಸಹನಾಳನ್ನು ಕರೆದು, "ಸಭಾಕ್ಕ ಬರಾಕ ಆಗಂಗಿಲ್ಲ, ಜ್ವರ ಬಂದೈತಿ ಅಂತ ಹೆಡ್‌ಮಾಸ್ತರಿಗೆ ಹೇಳವ್ವಾ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಹಣೆ ಮುಟ್ಟಿ ನೋಡಿ, ಅದೂ ಸಾಲದೆಂದು ಗಂಗವ್ವನ ಮನೆಯಿಂದ ಥರ್ಮಾಮೀಟರು ತಂದು ಬಾಯಲ್ಲಿಟ್ಟಳು. ಬೆಳಕಿಗೆ ಹಿಡಿದು ನೋಡಿದ ಮೇಲೆ, "ಹೇಳೂದು ಬ್ಯಾಡ, ಬರದು ಒಯ್ತೇನಿ" ಎಂದಳು.

ಸಂಜೆ ಪರಪ್ಪ ನನ್ನನ್ನು ನೋಡಲು ಬಂದ. ಕಾಲ ಬಳಿ ಕೂತು ಸಭೆಯ ಸುದ್ದಿ ಹೇಳಿದ. ನನ್ನ ಭಾಷಣದ ಜಾಗದಲ್ಲಿ ಹೆಡ್‌ಮಾಸ್ತರರು ಮೂರು ಚೀಟಿ ಓದಿದರಂತೆ. ಮೊದಲು ಗುರುವಾರ ಬರಲಿದ್ದ ಜ್ವರದ ನನ್ನ ಚೀಟಿ, ಶಿಕ್ಕೆಯ ಸಮೇತ. ಆಮೇಲೆ ಸಹನಾ ಬರೆದ ಸಮುದ್ರದ ಚೀಟಿ. ಕೊನೆಗೆ ಇವತ್ತಿನದು: 'ನಮ್ಮ ತಂದೆಯವರಿಗೆ ಜ್ವರ ಬಂದಿದೆ. ಈ ಸಲ ನಾನೇ ಮುಟ್ಟಿ ನೋಡಿದ್ದೇನೆ.'

"ಏನ್ ಚಪ್ಪಾಳೆ ಅಂತೀರಿ! ನಿಮ್ಮ ಭಾಷಣಕ್ಕ ಯಾವತ್ತೂ ಅಷ್ಟು ಬಿದ್ದಿಲ್ಲ ಬಿಡ್ರಿ" ಎಂದ ಪರಪ್ಪ. ನಾನು ಕೌದಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಅವನು ಏಳುತ್ತ, ಸ್ವಲ್ಪ ಸಂಕೋಚದಿಂದ, ಬರುವ ಆಷಾಢಕ್ಕೆ ತನ್ನ ಮಗ್ಗವೂ ಖಾಲಿಯಾಗುವ ಹಾಗಿದೆ, ಹೆಂಡತಿ ಸಮುದ್ರ ಸಮುದ್ರ ಎಂದು ಜಪ ಮಾಡುತ್ತಿದ್ದಾಳೆ, ಒಂದು ರಜೆ ಚೀಟಿ ಬೇಕಾದೀತು ಎಂದ.

ಎಷ್ಟೆಂದರೂ ಅಧ್ಯಕ್ಷ ನಾನು. ಜ್ವರದಲ್ಲೂ ಉಬ್ಬಿದೆ. "ಅದಕ್ಕೇನು ಪರಪ್ಪ, ನಾನ ಬರದು ಕೊಡ್ತೇನಿ" ಎಂದೆ.

"ಅಯ್ಯ, ನೀವು ಬ್ಯಾಡ್ರಿ" ಎಂದ ಪರಪ್ಪ ಗಾಬರಿಯಿಂದ. "ನಿಮ್ಮ ಮಗಳು ಧಾರವಾಡಕ್ಕ ಹೋಗೂದರಾಗ ಅಕಿ ಕಡಿಂದ ಒಂದು ಬರಸಿ ಇಡ್ರಿ."